ಏಕಾದಶಿಯ ಹೊಗೆ

ಉಸಿರಾಡುವುದಕ್ಕೆ ಬುದ್ಧಿ ಬೇಕಿಲ್ಲ, ಅದು ತಾನಾಗಿ ನಡೆದುಕೊಂಡು ಹೋಗುತ್ತದೆ ಎಂದೇ ನಾನು ನಂಬಿದ್ದೆ. ಎಳೆಕೂಸು ಉಸಿರಾಡುತ್ತದೆ, ಎಮ್ಮೆ ಉಸಿರಾಡುತ್ತದೆ, ನಮ್ಮ ನಾಗಮಂಗಲದ ಶಾನುಭೋಗರು ಸಹ ನಿದ್ದೆಯಲ್ಲಿ ಬೀದಿಗೆಲ್ಲ ಕೇಳುವಂತೆ ಉಸಿರಾಡುತ್ತಾರೆ. ಒಬ್ಬ ಅಕ್ಕಸಾಲಿಗೆ ಅದೇನು ಮಹಾ ಕಷ್ಟ? ಕಷ್ಟ ಏನೆಂದು ನೆಲಮಾಳಿಗೆಗೆ ಇಳಿದ ಮೇಲೆ ಗೊತ್ತಾಯಿತು.

ಇಳಿದದ್ದು ಸೊಗಸಿಗಲ್ಲ. ದಂಡು ಬರುತ್ತದೆ ಎಂಬ ಸುದ್ದಿ ಆಗ ಸಂತೆಗೆ ಬರುವ ಸೊಪ್ಪಿನಷ್ಟೇ ತಪ್ಪದೆ ಬರುತ್ತಿತ್ತು. ಯಾರ ದಂಡು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಯಾರದಾದರೇನು, ಊರಿಗೆ ನುಗ್ಗಿದವರು ಮೊದಲು ವಿಚಾರಿಸುವುದು ಅಕ್ಕಸಾಲಿಯ ಮನೆಯನ್ನೇ. ಶ್ರೀರಂಗಪಟ್ಟಣದಲ್ಲಿದ್ದ ನನ್ನ ಭಾವಮೈದ "ಕ್ವಾಟೆ ಒಳಕ್ಕೆ ಬಂದ್ಬುಡಿ ಭಾವ" ಎಂದು ಹೇಳಿಕಳಿಸಿದ. ಆದರೆ ಅಲ್ಲಿ ನೆಲ ಅಗೆದರೆ ಕಾವೇರಿ ಎದ್ದು ಬರುತ್ತಾಳೆ, ಏನನ್ನು ಬಚ್ಚಿಡುವುದು? ನಮ್ಮದು ಒಣನೆಲ. ಅಡಿಗೆಮನೆಯ ಮೂಲೆಯಲ್ಲಿ, ಅಜ್ಜ ರಾಗಿ ತುಂಬಿಡಲೆಂದು ತೋಡಿಸಿದ್ದ ನೆಲಮಾಳಿಗೆ ಖಾಲಿ ಬಿದ್ದಿತ್ತು. ಅಗ್ಗಿಷ್ಟಿಗೆ, ಚಿನ್ನ ಕರಗಿಸುವ ಮೂಸೆ, ಊದುಕೊಳವೆ, ಬಡಿಯುವ ಅಡಿಗಲ್ಲು ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆ. ಬಾಯಿಗೆ ಹಲಗೆ, ಹಲಗೆಯ ಮೇಲೆ ಚಾಪೆ. ಕಣ್ಣು ಮಂಜಾಯಿತು, ಕೆಲಸ ಬಿಟ್ಟೆ ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದೆ. ಎಲ್ಲರೂ ಅಷ್ಟು ಬೇಗ ನಂಬಿದ್ದು ಮಾತ್ರ ನನಗೆ ಹಿಡಿಸಲಿಲ್ಲ.

ಕೆಳಗೆ ಕುಳಿತರೆ ಪರಮ ಸುಖ. ಗಾಳಿ ಇಲ್ಲ, ಆದ್ದರಿಂದ ಬೆಸುಗೆ ಹಾಕುವಾಗ ದೀಪದ ಕುಡಿ ಅಲುಗುವುದಿಲ್ಲ. ಅರದಲ್ಲಿ ಉಜ್ಜಿದ ಚಿನ್ನದ ಪುಡಿ ಹಾರಿಹೋಗುವುದಿಲ್ಲ. ಪುಡಿಯ ಆಸೆಗೆ ಹಲಗೆಯ ಸಂದಿಗೂ ಹಳೆಬಟ್ಟೆ ತುರುಕಿದೆ. ಕೆಂಡದ ಕಾವು, ಅರಗಿನ ಘಾಟು ಎಲ್ಲ ನನ್ನ ಜೊತೆಗೇ ಕುಳಿತವು. ಮೊದಲು ಕಣ್ಣುರಿ, ಆಮೇಲೆ ತಲೆಭಾರ, ಆಮೇಲೆ ಬಹಳ ಹಿತವಾದ ನಿದ್ದೆ. ರೊಟ್ಟಿ ಕೊಡಲೆಂದು ಹಲಗೆ ಎತ್ತಿದ ನನ್ನ ಹೆಂಡತಿ ನಂಜಮ್ಮ, ಅಡಿಗಲ್ಲಿನ ಮೇಲೆ ತಲೆಯಿಟ್ಟಿದ್ದ ನನ್ನನ್ನು ಜುಟ್ಟು ಹಿಡಿದು ಮೇಲಕ್ಕೆಳೆದಳು. ಹಿತ್ತಲಲ್ಲಿ ಮುಖಕ್ಕೆ ನೀರು ಎರಚಿ, "ದಂಡ್ನೋರು ಬರೋಕ್ ಮುಂಚೆ ನೀವೇ ಸತ್ರೆ ಅವ್ರು ಬಂದು ಮಾಡೋದೇನು?" ಎಂದಳು. ಗಾಳಿಗೆ ದಾರಿ ಮಾಡದೆ ಇನ್ನು ಕೆಳಗಿಳಿದರೆ ಹಲಗೆಯನ್ನೇ ಒಲೆಗೆ ಹಾಕುವೆನೆಂದೂ ಹೇಳಿದಳು.

ಮಾಡಿದೆ. ಬಚ್ಚಲ ನೀರಿಗೆಂದು ಸುಳ್ಳು ಹೇಳಿ ಕುಂಬಾರರಿಂದ ಮಣ್ಣಿನ ಕೊಳವೆ ತಂದೆ. ತಂಗಾಳಿ ಒಳಬರಲು ಹಿತ್ತಲ ಕರಿಬೇವಿನ ಮರೆಯಲ್ಲಿ ತಗ್ಗಿಗೊಂದು ಕಂಡಿ. ಹೊಗೆ ಹೊರಹೋಗಲು ಅಡಿಗೆಮನೆಯ ಗೋಡೆಯೊಳಗೆ ಕೊಳವೆಗೆ ಕೊಳವೆ ಜೋಡಿಸಿ, ಒಲೆಯ ಹೊಗೆ ಹೋಗುವ ಗವಾಕ್ಷಿಯ ಪಕ್ಕದಲ್ಲೇ ಬಾಯಿ ಬಿಡಿಸಿದೆ. ಒಲೆಯ ಹೊಗೆಯಲ್ಲಿ ನನ್ನ ಹೊಗೆ ಬೆರೆತುಹೋದರೆ ಯಾವ ದಂಡಿನವನಿಗೆ ಗೊತ್ತಾಗಬೇಕು? ಕೆಂಡ ಹೊತ್ತಿಸಿದ ಕೂಡಲೇ ಹೊಗೆ ಸರಸರ ಮೇಲೇರಿತು, ಕಾಲಬುಡದಲ್ಲಿ ತಣ್ಣನೆ ಗಾಳಿ ಸುಳಿಯಿತು. ಎದೆ ತುಂಬ ಉಸಿರೆಳೆದುಕೊಂಡೆ. ಅಬ್ಬ, ಬದುಕಿದೆ ಅನ್ನಿಸಿತು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಆದರೆ ಏಕಾದಶಿಯ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂಬುದು ಆ ಜಾಣತಲೆಗೆ ಹೊಳೆಯಲೇ ಇಲ್ಲ. ಅಪ್ಪ ತೀರಿಕೊಂಡಾಗಿನಿಂದ ಅವ್ವ ಅಪ್ಪನ ಹೆಸರಲ್ಲಿ ನಮ್ಮೂರ ದೇವರು ಸೌಮ್ಯಕೇಶವನಿಗೆ ಉಪವಾಸ ಹಿಡಿದಿದ್ದಳು. ಅಂದು ಹನಿ ನೀರೂ ಇಲ್ಲ. ಊರಿಗೆ ಅವಳ ಏಕಾದಶಿ ದೊಡ್ಡ ಹೆಸರು. ಎದುರುಮನೆಯ ಕಂಚುಗಾರರ ಚೆನ್ನಾಜಮ್ಮನದು ಅದಕ್ಕೆ ಪೈಪೋಟಿ: ಅವ್ವ ನೀರು ಬಿಟ್ಟರೆ ಅವರು ಉಗುಳು ನುಂಗುವುದನ್ನೂ ಬಿಟ್ಟರು. ನನಗೆ ಮಾತ್ರ ನಂಜಮ್ಮ ಹಿಂದಿನ ದಿನದ ರೊಟ್ಟಿಯನ್ನು ಸೆರಗಿನಲ್ಲಿ ಮರೆಮಾಡಿ ಕೆಳಗಿಳಿಸುತ್ತಿದ್ದಳು. ಹೊಸಹೊಳಲಿನ ಮದುವೆಯೊಂದಕ್ಕೆ ಗುಟ್ಟಾಗಿ ಒಪ್ಪಿಕೊಂಡಿದ್ದ ತಾಳಿ ಮುಗಿಸಬೇಕಿತ್ತು. ನಾನು ರೊಟ್ಟಿ ಕಡಿಯುತ್ತ ಕೆಂಡ ಊದಿದೆ. ಮೇಲೆ ಸೂರಿನಿಂದ ಹೊಗೆ ಎದ್ದಿತು. ಎದುರುಮನೆ ಜಗಲಿಯಿಂದ ಚೆನ್ನಾಜಮ್ಮ ಅದನ್ನು ನೋಡಿದರು.

ಸಂಜೆ ಗುಡಿಯಲ್ಲಿ ನಾಲ್ಕು ಜನರ ಮುಂದೆಯೇ ಅವರು ಕೇಳಿದರಂತೆ, "ಏನಕ್ಕಾ, ಇವತ್ತು ನಿಮ್ಮನೆ ಒಲೆ ಉರೀತಿತ್ತಲ್ಲ?" ಅವ್ವ ಮನೆಗೆ ಬಂದವಳು ಕಂಬಕ್ಕೆ ಒರಗಿ ಕುಳಿತುಬಿಟ್ಟಳು. "ಈ ವಯಸ್ನಲ್ಲಿ ನನ್ನ ಕಳ್ಳಿ ಮಾಡ್ಬುಟ್ಯಲ್ಲ ಮಗ" ಎಂದಳು. ನಿಜ ಹೇಳಿದರೆ ನೆಲಮಾಳಿಗೆ ಬಯಲಾಗುತ್ತದೆ. ಚೆನ್ನಾಜಮ್ಮನಿಗೆ ಹೇಳುವುದೂ ಡಂಗುರ ಹೊಡೆಸುವುದೂ ಒಂದೇ. ಕಂಡಿ ಮುಚ್ಚಿದರೆ ನಾನು ಉಳಿಯುವುದಿಲ್ಲ. ಏಕಾದಶಿಯ ದಿನ ಕೆಂಡ ಹಚ್ಚುವುದಿಲ್ಲ ಬಿಡು ಎಂದೆ. ಅವ್ವ ಅದಕ್ಕೂ ಒಪ್ಪಲಿಲ್ಲ. "ಸಿಕ್ಕಾಕಂಡ್ಮೇಲೆ ಬುಟ್ಳು ಅಂತಾರೆ. ಹಚ್ಚು."

ಮುಂದಿನ ಏಕಾದಶಿಗೆ ನಾನು ಕೆಳಗೆ, ಅವ್ವ ಮೇಲೆ ತಣ್ಣನೆ ಒಲೆಯ ಮುಂದೆ. ಕೊಳವೆಯಲ್ಲಿ ಅಡಿಗೆಮನೆಯ ಮಾತೆಲ್ಲ ಕೇಳುತ್ತಿತ್ತು. ಹಿತ್ತಲ ಬಾಗಿಲು ಕಿರುಗುಟ್ಟಿತು. ಚೆನ್ನಾಜಮ್ಮನ ದನಿ, ಅದೂ ಪಿಸುದನಿ. "ಅಕ್ಕಾ, ಯಾರ್ಗೂ ಯೋಳಕಿಲ್ಲ ಕಣಕ್ಕ. ಏನ್ ಮಾಡ್ಕಂಡಿದ್ದೀರೋ ನಂಗೂ ಒಂದ್ ತುತ್ತು ಕೊಡಿ. ಇಷ್ಟು ವರ್ಸ ನಿಮ್ ಮಕ ನೋಡ್ಕಂಡು ಒಟ್ಟೆ ಕಟ್ಕಂಡು ಸತ್ತೋಗಿವ್ನಿ." ಆಮೇಲೆ, "ಅಯ್ಯೋ, ಒಲೆ ತಣ್ಣಗೈತಲ್ಲ? ಮತ್ತೆ ವೊಗೆ ಎಲ್ಲಿಂದ ಬತ್ತಾದೆ?"

ನನ್ನ ಕೈಯಲ್ಲಿದ್ದ ಇಕ್ಕುಳ ಅಲ್ಲೇ ನಿಂತಿತು. ಅವ್ವ ಬಾಯಿ ಬಿಟ್ಟು ಉಪವಾಸ ಎಂದರೆ ಹೊಗೆಯ ಬುಡ ಹುಡುಕುತ್ತಾರೆ. "ಈಗ್ತಾನೆ ತಿಂದು ಆರ್ಸ್ದೆ ಕಣವ್ವ," ಎಂದಳು ಅವ್ವ, "ಕೂತ್ಕೊ, ಇನ್ನೊಂದ್ಸಲ ಹಚ್ಚಿದ್ರಾಯ್ತು. ನಂಜೀ, ಅವಲಕ್ಕಿ ತಗಿ." ಮಗ ಉಸಿರಾಡಲಿ ಎಂದು ಅವಳು ತನ್ನ ಏಕಾದಶಿಯನ್ನೇ ಒಲೆಗೆ ಹಾಕಿದಳು. ನನ್ನ ಕಣ್ಣು ತುಂಬಿತು, ಅದು ಹೊಗೆಗಲ್ಲ. ಮೇಲೆ ಸಾಸಿವೆ ಚಟಪಟ ಸಿಡಿಯಿತು. ಚೆನ್ನಾಜಮ್ಮನಿಗೆ ಸಂಶಯ ಬರದಿರಲೆಂದು ಅವ್ವನೂ ಜೊತೆಗೆ ತಿಂದಳು. ಎರಡನೆಯ ಸಲ ಬಡಿಸಿಕೊಂಡದ್ದು ಯಾವ ಸಂಶಯ ಕಳೆಯಲು ಎಂದು ನಾನು ಕೇಳಿಲ್ಲ. ಮರುದಿನ ಗುಡಿಯಲ್ಲಿ ಚೆನ್ನಾಜಮ್ಮನೇ ಎಲ್ಲರಿಗೂ ಹೇಳಿದರು. "ಅದು ಸಾಂಬ್ರಾಣಿ ವೊಗೆ ಕಣ್ರವ್ವ. ಏಕಾದಸಿ ಪೂಜೆ ಜೋರು ಅವ್ರ ಮನೇಲಿ. ನಾನೇ ಕಣ್ಣಾರ ನೋಡ್ದೆ." ಅವ್ವನ ಹೆಸರು ಮೊದಲಿಗಿಂತ ಮೇಲೇರಿತು. ಕಂಡಿ ಉಳಿಯಿತು, ನಾನೂ ಉಳಿದೆ.

ಆದರೆ ಅವ್ವನ ಮನಸ್ಸು ಕೇಳಬೇಕಲ್ಲ. ನನ್ನನ್ನು ಮೇಲಕ್ಕೆ ಕರೆದು, "ನಿಮ್ಮಪ್ಪನ ಎಸ್ರಲ್ಲಿ ಇಡ್ದಿದ್ದು ಕಣ್ಲಾ. ಮನೇಲಿ ಒಬ್ರಾರ ಉಪಾಸ ಇರ್ಬೇಕು" ಎಂದಳು. ನಂಜಮ್ಮ ಸೂರು ನೋಡತೊಡಗಿದಳು.

ಹೀಗಾಗಿ ಈಗ ಏಕಾದಶಿ ನನ್ನದು. ಅಂದು ಇಬ್ಬರು ಮುದುಕಿಯರೂ ನನ್ನ ತಲೆಯ ಮೇಲಿನ ಹಲಗೆಯ ಮೇಲೆಯೇ ಮಣೆ ಹಾಕಿಕೊಂಡು ಬೆಳಗಿನಿಂದ ಕೂತು ಗುಟ್ಟಾಗಿ ತಿನ್ನುತ್ತಾರೆ; ರೊಟ್ಟಿ ಇಳಿಸಲು ನಂಜಮ್ಮನಿಗೆ ದಾರಿಯಿಲ್ಲ, ಎದ್ದು ಬರಲು ನನಗೂ ಇಲ್ಲ. ಕೆಂಡ ಆರಿದರೆ ಗಾಳಿ ಕೊಳವೆಯಲ್ಲಿ ತಿರುಗಿ ಕೆಳಗಿಳಿಯುತ್ತದೆ, ಇಂಗಿನ ಒಗ್ಗರಣೆಯನ್ನು ಹೊತ್ತುಕೊಂಡು. ಕೆಮ್ಮುವ ಹಾಗಿಲ್ಲ, ಕೂಗುವ ಹಾಗಿಲ್ಲ. ಕತ್ತಲಲ್ಲಿ ಕುಳಿತು ಎದೆ ತುಂಬ ಉಸಿರಾಡುತ್ತೇನೆ. ಅಷ್ಟಕ್ಕೆ ಮಾತ್ರ ಯಾವ ಕೊರತೆಯೂ ಇಲ್ಲ.