ಬೆಳೆಗಳ ಡಾಕ್ಟರಾಗಲು ಹೊರಟ ವೈನಿ

ನಮ್ಮ ವೈನಿಯ ಎದುರು ನೀವು ಹಳದಿ ಸೀರೆ ಉಟ್ಟು ನಿಲ್ಲಬಾರದು. ನಿಂತಿರೋ, ಕೆಟ್ಟಿರಿ! "ಈ ಹಳದಿ ಮೊದ್ಲ ಕೆಳಗಿನ ಎಲಿಗೆ ಬಂತೋ, ತುದಿ ಎಲಿಗೋ?" ಎಂದು ವಿಚಾರಣೆ ಶುರು. ಕೆಳಗಿನ ಹಳೆಯ ಎಲೆ ಹಳದಿಯಾದರೆ ಸಾರಜನಕದ ಕೊರತೆಯಂತೆ, ತುದಿಯ ಎಳೆ ಎಲೆಯಾದರೆ ಕಬ್ಬಿಣದ್ದಂತೆ. ಸೆರಗಿಗೂ ಅಂಚಿಗೂ ಈ ನಿಯಮ ಅನ್ವಯಿಸುವುದಿಲ್ಲ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗಿದೆ?

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಧಾರವಾಡದ ಕಡೆಯ ನಮಗೆ ಅತ್ತಿಗೆಯೆಂದರೆ ವೈನಿಯೇ. ಅಣ್ಣ ರೈಲ್ವೆಯವನು, ಅವರ ಮನೆ ವಡೋದರಾದಲ್ಲಿ, ನನ್ನದು ಅಹಮದಾಬಾದಿನ ಮಣಿನಗರದಲ್ಲಿ. ಕೃಷಿ ಪದವಿ ಮುಗಿಸಿ, ಮದುವೆಯಾಗಿ, ಅಣ್ಣನ ವರ್ಗಾವಣೆಗಳ ಬೆನ್ನಿಗೆ ಊರೂರು ಅಲೆದ ವೈನಿಗೆ ಐವತ್ತು ದಾಟಿದ ಮೇಲೆ ಒಮ್ಮೆಲೇ ಹುಕಿ ಬಂತು. ಬೆಳೆ ಸಲಹೆಗಾರ್ತಿಯ ಪ್ರಮಾಣಪತ್ರ ಪಡೆಯಲೇಬೇಕು! ಅದಕ್ಕೆ ಮೊದಲು ಲಿಖಿತ ಪರೀಕ್ಷೆ. ಜೊತೆಗೆ ಒಂದು ಬೆಳೆಯನ್ನು ಬಿತ್ತನೆಯಿಂದ ಕೊಯ್ಲಿನವರೆಗೆ ತಾನೇ ನೋಡಿಕೊಂಡು ತೋರಿಸಬೇಕು.

"ಪರೀಕ್ಷಾಕ್ಕ ನಾ ಹೆದರಂಗಿಲ್ಲವಾ. ಆದ್ರ ಕೊಯ್ಲಿನ ತನಕ ಅಂದ್ರ ನನ್ನ ಎದಿ ಡವಡವ ಅಂತದ ನೋಡು," ಎಂದರು ವೈನಿ.

ಅನ್ನದೆ ಇನ್ನೇನು? ಯಾವ ಕ್ವಾರ್ಟರ್ಸಿನ ಹಿತ್ತಲಲ್ಲಿ ಏನು ನೆಟ್ಟರೂ ಅದು ಹೂ ಬಿಡುವ ಹೊತ್ತಿಗೆ ಅಣ್ಣನಿಗೆ ವರ್ಗವಾಗುತ್ತಿತ್ತು. ಇವರ ಹೀರೆ, ಬದನೆ, ಟೊಮೆಟೊಗಳನ್ನೆಲ್ಲ ತಿಂದವರು ಆಮೇಲೆ ಬಂದ ಸಾಹೇಬರ ಮನೆಯವರು!

ಓದು ಶುರುವಾಯಿತು ನೋಡಿ, ಸಂತೆಯಲ್ಲಿ ವೈನಿಯ ಖ್ಯಾತಿ ಹಬ್ಬಿತು. ನಾವೆಲ್ಲ ತೂತಿಲ್ಲದ ಬದನೆಕಾಯಿ ಹುಡುಕಿದರೆ ಅವರು ತೂತಿರುವುದನ್ನೇ ಆರಿಸುತ್ತಾರೆ.

"ವೈನಿ, ಅದರಾಗ ಹುಳಾ ಅದಾವ್ರೀ!"

"ಮತ್ತ? ಹುಳಾ ಇಲ್ಲದ್ದು ತೊಗೊಂಡು ನಾ ಏನ್ ಓದ್ಲಿ?"

ಮೊದಮೊದಲು ಅಂಥವನ್ನು ಪುಕ್ಕಟೆ ಕೊಡುತ್ತಿದ್ದ ತರಕಾರಿಯವನು ಈಗ ಚುರುಕಾಗಿದ್ದಾನೆ. ಗುಜರಾತಿಗಳಿಗೆ ಅಕ್ಕನೆಂದರೆ ಬೆನ್. "ಬೆನ್‌ಗಾಗಿ ಸ್ಪೆಷಲ್ ಮಾಲು" ಎಂದು ಬೇರೆ ಬುಟ್ಟಿಯಲ್ಲಿಟ್ಟು ಅದಕ್ಕೇ ಹೆಚ್ಚು ರೇಟು ಹೇಳುತ್ತಾನೆ!

ಪರೀಕ್ಷೆ ಅಹಮದಾಬಾದಿನಲ್ಲಿ ಇದ್ದುದರಿಂದ ವೈನಿ ನಮ್ಮಲ್ಲೇ ಇಳಿದರು. ಬೆಳಿಗ್ಗೆ ನಾನು ಅವಲಕ್ಕಿ ಹಚ್ಚಿ, ಸ್ನಾನ ಮುಗಿಸಿ ಬಂದು ನೋಡುತ್ತೇನೆ: ಅಷ್ಟೂ ಅವಲಕ್ಕಿ ಪೇಪರಿನ ಮೇಲೆ ಹಾಸಿಕೊಂಡು ಬಿದ್ದಿದೆ! ವೈನಿ ಸೌಟಿನಿಂದ ಅದನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ತೆಗೆದು, ಉಳಿದದ್ದನ್ನು ಕಲೆಸಿ ಮತ್ತೆ ನಾಲ್ಕು ಮಾಡುತ್ತಿದ್ದಾರೆ. ಹೊಲದ ಮಣ್ಣನ್ನು ಪರೀಕ್ಷೆಗೆ ಕಳಿಸುವಾಗ ಹೀಗೇ ಮಾಡುತ್ತಾರಂತೆ.

"ಏನ್ರೀ ವೈನಿ ಇದು!"

"ಉಪ್ಪು ಹತ್ತೇದೋ ಇಲ್ಲೋ ಅಂತ ಒಂದ ಮೂಲಿ ತಿಂದ್ರ ತಿಳೀತದೇನ? ಇಡೀ ಹೊಲದ ಸ್ಯಾಂಪಲ್ ಬೇಕವಾ!"

ಕೊನೆಗೆ ಉಳಿದ ಒಂದು ಮುಷ್ಟಿಯನ್ನು ಗಂಭೀರವಾಗಿ ಬಾಯಿಗೆ ಹಾಕಿಕೊಂಡು, "ಉಪ್ಪು ಕಡಿಮಿ" ಎಂದು ವರದಿ ಕೊಟ್ಟು ಪರೀಕ್ಷೆಗೆ ಹೋದರು. ಫಲಿತಾಂಶ ಬಂದ ದಿನ ಫೋನಿನಲ್ಲಿ, "ಪಾಸಾದೆನವಾ! ಪಾಸು!" ಎಂದು ಕಿರುಚಿದ್ದು ನಮ್ಮ ಪಕ್ಕದ ಮನೆಗೂ ಕೇಳಿ, ಅವರು ವಿಷಯ ಏನೆಂದು ತಿಳಿಯದೆಯೇ ಪೇಡಾ ಹಿಡಿದು ಬಂದರು!

ಇನ್ನು ಉಳಿದದ್ದು ಬೆಳೆ. ವಡೋದರಾದ ಹೊರಗಿನ ಹಳ್ಳಿಯ ರೈತರೊಬ್ಬರು ತಮ್ಮ ಹತ್ತಿ ಹೊಲದ ಒಂದು ಮಗ್ಗುಲನ್ನು ವೈನಿಯ ವಶಕ್ಕೆ ಬಿಟ್ಟಿದ್ದರು. ಗಿಡ ಎದೆಯೆತ್ತರ ಬಂತು. ಹೂವೂ ಬಿಟ್ಟಿತು. ಸರಿಯಾಗಿ ಅದೇ ವಾರ ಅಣ್ಣನಿಗೆ ಸೂರತ್‌ಗೆ ವರ್ಗ!

ಸುದ್ದಿ ಕೇಳಿ ನಾನು ವಡೋದರಾಕ್ಕೆ ಓಡಿದೆ. ವೈನಿ ಟ್ರಂಕಿಗೆ ಪಾತ್ರೆ ತುಂಬುತ್ತಿದ್ದರು. ಕೈಗೆ ಅದೇ ರೂಢಿಯಲ್ಲವೇ? ಅಣ್ಣ ಬಾಗಿಲಲ್ಲಿ ನಿಂತು ನೋಡಿದ.

"ನೀ ಯಾಕ ಸಾಮಾನು ಕಟ್ಲಿಕ್ಕತ್ತಿ? ವರ್ಗ ಆಗಿದ್ದು ನನಗ. ನಿನಗ ಯಾರ್ ಮಾಡ್ಯಾರ?"

"ನಿಮ್ಮ ಊಟಾ?"

"ಸೂರತ್ತಿನ ವರಾಛಾದಾಗ ಉಡುಪಿ ಹೋಟೆಲ್ ಅದ. ಅಲ್ಲೆ ಒಂದ ಮೂಲಿ ತಿಂದ್ರೂ ಉಪ್ಪು ತಿಳೀತದ!"

ವೈನಿ ನಕ್ಕರು, ಮತ್ತೆ ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ತೆಗೆದರು.

ಹತ್ತಿ ಬಿಡಿಸುವ ದಿನ ನನಗೆ ಮನೆಯಲ್ಲಿ ಕೂತಿರಲು ಸಾಧ್ಯವೇ? ಹೋದೆ. ಹೊಲವೆಲ್ಲ ಬೆಳ್ಳಗೆ ಅರಳಿತ್ತು. ಅಣ್ಣ ಸೂರತ್‌ನಿಂದ ಮೊದಲ ಗಾಡಿಗೇ ಬಂದಿದ್ದ. ಸೊಂಟಕ್ಕೆ ಬಟ್ಟೆಯ ಜೋಳಿಗೆ ಕಟ್ಟಿಕೊಂಡ ವೈನಿ ಒಂದು ಗಿಡದ ಮುಂದೆ ಸುಮ್ಮನೆ ನಿಂತುಬಿಟ್ಟರು.

"ಬಿಡಸ್ರೀ ವೈನಿ! ಏನ್ ನೋಡ್ಲಿಕ್ಕತ್ತೀರಿ?"

"ತಡೀವಾ," ಎಂದರು. "ಬರೇ ಹೂವು ನೋಡಿ ಗೊತ್ತದ ನನಗ. ಇದು ಹೊಸಾದು."

ಅಣ್ಣ ಹತ್ತಿರ ಹೋಗಿ, ಒಣಗಿದ ಕಾಯಿಯ ಚೂಪು ಅವರ ಬೆರಳಿಗೆ ತಾಗದಂತೆ ಟೊಂಗೆಯನ್ನು ಹಿಡಿದುಕೊಂಡ. ವೈನಿ ಮೆಲ್ಲಗೆ ಹತ್ತಿಯನ್ನು ಬಿಡಿಸಿದರು. ಜೋಳಿಗೆಗೆ ಹಾಕಲಿಲ್ಲ. ಅಣ್ಣನ ಅಂಗೈಯಲ್ಲಿಟ್ಟರು.

ಅವನು ಮುಷ್ಟಿ ಮುಚ್ಚಿಕೊಂಡ.