ಹನ್ನೊಂದು ಮೆಟ್ಟಿಲಿನ ಪರ್ವತಾರೋಹಣ

ಧೈರ್ಯವಂತರಿಗೆ ಅಪರೂಪಕ್ಕೊಂದು ಅನಾಹುತವಾಗುತ್ತದೆ, ಅದನ್ನವರು ಜೀವನವಿಡೀ ಹೇಳಿಕೊಂಡು ತಿರುಗುತ್ತಾರೆ. ನನ್ನಂಥ ಪುಕ್ಕಲರಿಗೆ ವಾರಕ್ಕೆರಡಾದರೂ ಆಗುತ್ತಲೇ ಇರುತ್ತವೆ, ಹೇಳಿಕೊಳ್ಳಲು ನಾಚಿಕೆ ಅಷ್ಟೆ. ನನಗೆ ಎತ್ತರವೆಂದರೆ ಭಯ. ಆಫೀಸಿನ ಮೂರನೇ ಮಹಡಿಯಲ್ಲಿ ಕಿಟಕಿ ಪಕ್ಕದ ಕುರ್ಚಿ ಸೀನಿಯಾರಿಟಿ ಮೇಲೆ ನನಗೆ ಬಂದಾಗ, ಅದನ್ನು ಜೂನಿಯರ್ ಒಬ್ಬರಿಗೆ ಬಿಟ್ಟುಕೊಟ್ಟು ದೊಡ್ಡ ಮನಸ್ಸಿನವನು ಎನಿಸಿಕೊಂಡಿದ್ದೆ. ಇಂಥವನು ಪರ್ವತಾರೋಹಿಗಳ ಗುಂಪು ಸೇರಿದ್ದು ಹೇಗೆ ಎಂದು ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ.

೧. ಹೊಲಿಗೆ ಮಿಷನ್ನು

ಎರಡು ಸಾವಿರದ ಇಸವಿಯ ಆಸುಪಾಸು. ಬಸವನಗುಡಿಯಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಸೈಬರ್ ಕೆಫೆ ಬಂತು. ಎತ್ತರದ ಭಯಕ್ಕೆ ಮದ್ದು ಏನಾದರೂ ಇದೆಯೇ ಎಂದು ಅಲ್ಲಿ ಕೂತು ಹುಡುಕುತ್ತಿದ್ದವನು, ಪರ್ವತ ಹತ್ತುವವರು ಪರಸ್ಪರ ಬರೆದುಕೊಳ್ಳುವ ಒಂದು ಫೋರಂಗೆ ಹೋಗಿ ಬಿದ್ದೆ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೇಳಿದೆ: "ಮೇಲೆ ಹೋದಾಗ ನಿಮ್ಮ ಕಾಲು ನಡುಗುವುದಿಲ್ಲವೇ?" ನಕ್ಕು ಓಡಿಸುತ್ತಾರೆ ಅಂದುಕೊಂಡಿದ್ದೆ.

ಮಾರನೇ ದಿನ ನೋಡಿದರೆ ಹನ್ನೆರಡು ಉತ್ತರ. ಎಲ್ಲರದ್ದೂ ನಡುಗುತ್ತದಂತೆ! ಪುಣೆಯವರೊಬ್ಬರಿಗೆ ಮೊದಲು ಎಡಗಾಲಂತೆ. ಬಂಡೆ ಮೇಲೆ ಹಾಗೆ ಕಾಲು ದಡದಡ ಅನ್ನುವುದಕ್ಕೆ ಅವರಲ್ಲಿ "ಹೊಲಿಗೆ ಮಿಷನ್ನು" ಎಂದೇ ಹೆಸರಂತೆ. ನಲವತ್ತು ವರ್ಷ ಇದು ನನ್ನೊಬ್ಬನ ರೋಗ ಎಂದು ಮುಚ್ಚಿಟ್ಟುಕೊಂಡಿದ್ದೆ. ಅಷ್ಟು ದೊಡ್ಡ ಬೆಟ್ಟ ಹತ್ತಿದವರೂ ನನ್ನ ಜಾತಿಯವರೇ ಎಂದು ಗೊತ್ತಾದ ಕೂಡಲೇ ಅಳು ಬಂದುಬಿಟ್ಟಿತು.

ಕೆಫೆಯವರು ಓಡಿ ಬಂದು ಹೆಗಲ ಮೇಲೆ ಕೈ ಇಟ್ಟರು. "ಧೈರ್ಯ ತಂದ್ಕೊಳ್ಳಿ ಸಾರ್. ಯಾರು ಹೋಗ್ಬಿಟ್ರು? ತುಂಬಾ ಹತ್ತಿರದವ್ರಾ?"

೨. ಕಾಣದ ಪ್ರಪಾತ

ಆಮೇಲೆ ದಿನವೂ ಹೋಗತೊಡಗಿದೆ. ಫೋರಂನವರು ಫೋಟೋ ಹಾಕುತ್ತಿದ್ದರು. ಆಗಿನ ಇಂಟರ್ನೆಟ್ಟಿನಲ್ಲಿ ಫೋಟೋ ಒಂದೇ ಸಲ ಬರುತ್ತಿರಲಿಲ್ಲ, ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಆಕಾಶ, ಆಮೇಲೆ ಶಿಖರ, ಆಮೇಲೆ ಹಗ್ಗ ಹಿಡಿದು ನೇತಾಡುವ ಮನುಷ್ಯ. ಅವರ ಕಾಲ ಕೆಳಗೆ ಏನಿದೆಯೋ ಎಂದು ಕಾಯುವುದಿದೆಯಲ್ಲ, ಅದು ನನ್ನ ಕೈಲಾಗುತ್ತಿರಲಿಲ್ಲ. ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದು, ಬೆವೆತು, "ಅಯ್ಯಯ್ಯೋ" ಅನ್ನುತ್ತಾ, ಫೋಟೋ ಪೂರ್ತಿ ಬರುವುದರೊಳಗೆ ಎದ್ದು ಓಡುತ್ತಿದ್ದೆ.

ಪ್ಲೈವುಡ್ ಗೂಡಿನಿಂದ ಹೀಗೆ ಏದುಸಿರು ಬಿಡುತ್ತಾ ಬರುವ ಗಿರಾಕಿಯ ಬಗ್ಗೆ ಕೆಫೆಯವರಿಗೆ ಬೇರೆಯೇ ಗುಮಾನಿ. ಒಂದು ದಿನ ಹಿಂದಿನಿಂದ ಬಂದು ಥಟ್ಟನೆ ಇಣುಕಿದರು. ಪರದೆ ಮೇಲೆ ಅರ್ಧ ಬೆಟ್ಟ.

ಬಹಳ ಹೊತ್ತು ನೋಡಿ, "ಸಾರ್, ನೀವು ಬೇರೇದೇ ನೋಡ್ತಿದೀರ ಅಂದ್ಕೊಂಡಿದ್ದೆ. ಅದೇ ನೋಡಿದ್ರೆ ನಿಮ್ಮ ಆರೋಗ್ಯಕ್ಕೆ ಒಳ್ಳೇದಿತ್ತು" ಅಂದರು.

೩. ಹೆಲಿಕಾಪ್ಟರು

ಆರು ತಿಂಗಳು ಸುಖವಾಗಿದ್ದೆ. ಅಷ್ಟರಲ್ಲಿ ಫೋರಂ ನಡೆಸುವವರಿಂದ ಒಂದು ಸೂಚನೆ ಬಂತು. ಈ ತಿಂಗಳೊಳಗೆ ಏನಾದರೊಂದು ಹತ್ತಿ ವರದಿ ಬರೆಯದಿದ್ದರೆ ಹೆಸರು ತೆಗೆಯಲಾಗುವುದು. ಭಯವಾಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಲು ನನಗೆ ಪ್ರಪಂಚದಲ್ಲಿ ಇದ್ದದ್ದು ಅದೊಂದೇ ಜಾಗ. ಅದನ್ನು ಕಳೆದುಕೊಳ್ಳುವುದೋ, ಹತ್ತುವುದೋ? ಎರಡು ರಾತ್ರಿ ನಿದ್ದೆಯಿಲ್ಲ. ಕೊನೆಗೆ "ಭಾನುವಾರ ಬೆಳಿಗ್ಗೆ ಹತ್ತುತ್ತೇನೆ" ಎಂದಷ್ಟೇ ಬರೆದೆ. ಏನನ್ನು ಎಂದು ಬರೆಯಲು ಮರ್ಯಾದೆ ಅಡ್ಡ ಬಂತು.

ಹತ್ತಿದ್ದು ನಮ್ಮ ಮನೆ ತಾರಸಿ ಮೇಲಿನ ನೀರಿನ ಟ್ಯಾಂಕನ್ನು. ಕಬ್ಬಿಣದ ಏಣಿ, ಹನ್ನೊಂದು ಮೆಟ್ಟಿಲು. ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳುತ್ತಾ ಹತ್ತಿಯೂ ಬಿಟ್ಟೆ. ಮೇಲೆ ಹೋಗಿ ಕಣ್ಣು ಬಿಟ್ಟೆ ನೋಡಿ, ಅದೇ ತಪ್ಪು. ಮುಚ್ಚಳ ತಬ್ಬಿಕೊಂಡು ಬೋರಲು ಮಲಗಿದವನಿಗೆ ಅಲ್ಲಾಡಲು ಆಗಲಿಲ್ಲ.

"ರೀ, ಇಳೀರಿ, ಉಪ್ಪಿಟ್ಟು ಆರೋಗ್ತಿದೆ" ಎಂದು ಹೆಂಡತಿ ಕರೆದಳು.

"ಆಗ್ತಿಲ್ಲ ಕಣೇ. ಕೆಫೆಗೆ ಹೋಗು. ಫೋರಂನವ್ರನ್ನ ಕೇಳು, ಹೇಗೆ ಇಳಿಯೋದು ಅಂತ!"

ಅವಳು ಹೋಗಿ ಕೆಫೆಯವರ ಕೈಲಿ ಟೈಪ್ ಮಾಡಿಸಿದಳು: "ನಮ್ಮ ಯಜಮಾನರು ಮೇಲೆ ಸಿಕ್ಕಿಹಾಕಿಕೊಂಡಿದ್ದಾರೆ. ಕಾಪಾಡಿ." ಕಾಲು ಗಂಟೆಯಲ್ಲಿ ಒಂದು ಹಾಳೆ ಪ್ರಿಂಟು ಹಿಡಿದು ವಾಪಸು ಬಂದಳು. ಅಷ್ಟರಲ್ಲಿ ಅಕ್ಕಪಕ್ಕದ ತಾರಸಿಗಳಲ್ಲಿ ಜನ ತುಂಬಿದ್ದರು.

"ಆಕ್ಸಿಜನ್ ಇದೆಯಾ ಅಂತ ಕೇಳ್ತಿದಾರೆ. ಎಷ್ಟು ದಿನಕ್ಕಾಗೋಷ್ಟು ಊಟ ಇದೆ ಅಂತೆ. ಹೆಲಿಕಾಪ್ಟರ್ ಕಳಿಸಕ್ಕೆ ಯಾರಿಗಾದ್ರೂ ಫೋನ್ ಮಾಡ್ಬೇಕಾ ಅಂತೆ. ಏನು ಹೇಳ್ಲಿ?"

ಸುಳ್ಳು ಯಾಕೆ ಹೇಳಲಿ, ನಾನು ತಕ್ಷಣ ಬೇಡ ಅನ್ನಲಿಲ್ಲ.

೪. ಫೋರಂನ ಸಹಾಯ

ಹೆಂಡತಿ ಎರಡನೇ ಸಲ ಹೋಗಿ ನಿಜ ಬರೆಸಿದಳು: ಟ್ಯಾಂಕು, ಹನ್ನೊಂದು ಮೆಟ್ಟಿಲು, ಮನೆ ವಿಳಾಸ. ಇನ್ನು ಫೋರಂನಿಂದ ನನ್ನ ಹೆಸರು ತೆಗೆದಂತೆಯೇ ಅಂದುಕೊಂಡೆ. ಬಿದ್ದು ಸಾಯುವ ಭಯಕ್ಕಿಂತ ಅದರ ಭಯವೇ ಹೆಚ್ಚಾಯಿತು.

ಮುಕ್ಕಾಲು ಗಂಟೆಗೆ ಮಲ್ಲೇಶ್ವರದಿಂದ ಸ್ಕೂಟರಿನಲ್ಲಿ ಒಬ್ಬರು ಹೆಂಗಸು ಬಂದರು. ಐವತ್ತು ದಾಟಿದ, ದಪ್ಪ ಕನ್ನಡಕದ ಸ್ಕೂಲ್ ಟೀಚರು. ಫೋರಂ ನಡೆಸುತ್ತಿದ್ದವರು ಅವರೇ! ಗಡ್ಡದ ಭಾರಿ ಆಳು ಎಂದುಕೊಂಡಿದ್ದೆ. ಹಿಮದಲ್ಲಿ ನಾಲ್ಕು ಶಿಖರ ಹತ್ತಿದವರು, ಸೆರಗು ಸಿಕ್ಕಿಸಿ ಸರಸರ ಏಣಿ ಹತ್ತಿ ಬಂದು ನನ್ನ ಪಕ್ಕ ಕೂತರು.

"ಮೇಡಂ, ನನ್ನ ಹೆಸರು ತೆಗೀತೀರಾ?" ಎಂದು ಮಲಗಿದ್ದಲ್ಲಿಂದಲೇ ಕೇಳಿದೆ.

"ಯಾಕ್ರೀ ತೆಗೀಲಿ? ಇಷ್ಟು ಹೆದ್ರಿಕೊಂಡು ನಮ್ಮಲ್ಲಿ ಯಾರೂ ಏನನ್ನೂ ಹತ್ತಿಲ್ಲ. ವರದಿ ನಾನೇ ಬರೀತೀನಿ, ಏಳಿ."

ಆ ಮಾತು ಕೇಳಿ ಮೊದಲ ಬಾರಿ ತಲೆ ಎತ್ತಿದೆ. ಅವರು ಇಳಿಯುವುದನ್ನು ತೋರಿಸಲೆಂದು ಏಣಿ ಮೇಲೆ ಒಂದು ಕಾಲಿಟ್ಟರು. ಟಣ್ ಎಂದು ಬೋಲ್ಟು ಕಿತ್ತುಬಂದು ತಾರಸಿಗೆ ಬಿತ್ತು, ಏಣಿ ಒಂದು ಪಕ್ಕಕ್ಕೆ ವಾಲಿತು. ಮೇಡಂ ಚಂಗನೆ ಹಿಂದಕ್ಕೆ ಹಾರಿ ನನ್ನ ಪಕ್ಕದಲ್ಲೇ ಮುಚ್ಚಳ ತಬ್ಬಿಕೊಂಡರು. ಅವರ ಎರಡೂ ಕಾಲು ದಡದಡ ಹೊಡೆದುಕೊಳ್ಳುತ್ತಿದ್ದವು.

"ಹಗ್ಗ ತಂದಿಲ್ವಾ ಮೇಡಂ?"

"ಟ್ಯಾಂಕಿಗೆ ಯಾರ್ರೀ ಹಗ್ಗ ತರ್ತಾರೆ?"

ಕೆಳಗೆ ನನ್ನ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಮೂರನೇ ಸಲ ಕೆಫೆಗೆ ಹೊರಟಳು. ಅವಳು ಬರೆಸಿದ್ದು ಇವತ್ತಿಗೂ ನನ್ನ ಹತ್ತಿರ ಇದೆ: "ನೀವು ಕಳಿಸಿದವರು ತಲುಪಿದರು. ಈಗ ಮೇಲೆ ಇಬ್ಬರು ಸಿಕ್ಕಿಹಾಕಿಕೊಂಡಿದ್ದಾರೆ. ದಯವಿಟ್ಟು ಇನ್ನು ಯಾರನ್ನೂ ಕಳಿಸಬೇಡಿ, ಟ್ಯಾಂಕ್ ಮೇಲೆ ಜಾಗ ಇಲ್ಲ."