ಗಣಪನ ಜೊತೆ ಮಾತು ಬಿಟ್ಟ ಅತ್ತೆ

ನಮ್ಮತ್ತೆಯ ಜೊತೆ ಒಂದು ವಾರ ಒಂದೇ ಸೂರಿನಡಿ ಇದ್ದು ಬಂದವರಿಗೆ ಆಪರೇಷನ್ನಿಗೆ ಅರಿವಳಿಕೆಯೇ ಬೇಕಾಗುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಡಾಕ್ಟರು ನಂಬಲಿಲ್ಲ. ನಕ್ಕು, ಬೆನ್ನಿಗೆ ಸೂಜಿ ಚುಚ್ಚಿಯೇಬಿಟ್ಟರು. ಅವರ ತಪ್ಪಲ್ಲ ಬಿಡಿ! ಅವರು ಅತ್ತೆಯನ್ನು ಕಂಡಿದ್ದು ಒಂದೇ ಒಂದು ಸಲ. ನಾನು ಹುಟ್ಟಿದಾಗಿನಿಂದ ಕಾಣುತ್ತಿದ್ದೇನೆ.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ನಮ್ಮಪ್ಪನ ತಂಗಿ. ಮದುವೆಯಾಗಲಿಲ್ಲ. "ಯಾಕತ್ತೆ?" ಎಂದು ಕೇಳಿದರೆ "ಲೈನ್ ಸಿಗ್ಲಿಲ್ಲ ಕಣೇ" ಅನ್ನುತ್ತಾಳೆ. ಕೆಲಸ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಟ್ರಂಕ್ ಕಾಲ್ ಇದ್ದ ಕಾಲದಲ್ಲಿ. ಅವಳು ರಿಟೈರಾದಳು, ಅವಳ ಗಂಟಲು ಆಗಲಿಲ್ಲ. ಚಾಮರಾಜಪೇಟೆಯ ತನ್ನ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಮಾತಾಡಿದರೆ ಬಸವನಗುಡಿಯ ನಮ್ಮ ಮನೆಗೆ ಮೊಬೈಲಿಲ್ಲದೆಯೂ ಕೇಳಿಸೀತು! ಅಮ್ಮ ಹೋದಮೇಲೆ ನಾನು ಏಕವಚನದಲ್ಲಿ ಮಾತಾಡಿಸುವ ಹಿರಿಯರೆಂದರೆ ಇವಳೊಬ್ಬಳೇ ಉಳಿದಿದ್ದಾಳೆ.

ನನ್ನ ಗರ್ಭಕೋಶದಲ್ಲಿ ಗಡ್ಡೆಗಳು ಬೆಳೆದಿದ್ದವು. ಫೈಬ್ರಾಯ್ಡ್ ಅನ್ನುತ್ತಾರೆ. ಕ್ಯಾನ್ಸರಲ್ಲ, ಹೆದರುವಂಥದ್ದೇನಿಲ್ಲ ಎಂದರು ಡಾಕ್ಟರು. ಆದರೆ ರಕ್ತ ಹೋಗಿ ಹೋಗಿ ಎರಡು ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಮಾತ್ರೆ, ಇಂಜೆಕ್ಷನ್ನು ಎಲ್ಲ ಮುಗಿದ ಮೇಲೆ ಗರ್ಭಕೋಶವನ್ನೇ ತೆಗೆಯುವುದೆಂದು ತೀರ್ಮಾನಿಸಿ, ಮುಂದಿನ ಗುರುವಾರ ಬರಲು ಹೇಳಿದರು. ನನಗೆ ನಲವತ್ತನಾಲ್ಕು. ಮಕ್ಕಳಿಲ್ಲ. ಸಿಕ್ಕವರದೆಲ್ಲ ಒಂದೇ ಮಾತು: "ಈ ವಯಸ್ಸಲ್ಲಿ ಅದಿದ್ದೇನು ಪ್ರಯೋಜನ? ತೆಗೆಸಿ ಆರಾಮಾಗಿರಿ!" ಹಳೇ ಗ್ರೈಂಡರನ್ನು ಗುಜರಿಗೆ ಹಾಕಿ ಅಂದ ಹಾಗೆ! ನಾನೂ ಹೌದು ಹೌದು ಎಂದು ತಲೆಯಾಡಿಸಿದೆ. ಆದರೆ ನಿಜ ಹೇಳಲೇ? ತಿಂಗಳ ಲೆಕ್ಕ ಒಂದು ದಿನ ಹಿಂದೆ ಮುಂದೆ ಆದರೆ ಸಾಕು, ನಲವತ್ತನಾಲ್ಕರಲ್ಲೂ ನನ್ನ ಎದೆ ಡವಡವ ಅನ್ನುತ್ತಿತ್ತು. ಎಷ್ಟೋ ಡಾಕ್ಟರುಗಳು ಕೈಚೆಲ್ಲಿದ ಮೇಲೂ ಒಂದು ಮಗು ಬೇಕೆಂಬ ಆ ಹುಚ್ಚು ಆಸೆ ಒಳಗೆಲ್ಲೋ ಕೂತೇ ಇತ್ತು. ಗುರುವಾರದ ನಂತರ ಅದಕ್ಕೆ ಕೂರಲು ಜಾಗವೇ ಇರುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ, ಗಂಡನಿಗೂ.

ಆಪರೇಷನ್ ಸುದ್ದಿ ಕೇಳಿದ ಮಾರನೆಯ ಬೆಳಿಗ್ಗೆ ಅತ್ತೆ ಹಾಜರು! ಚಾಮರಾಜಪೇಟೆಯಿಂದ ನಮ್ಮ ಮನೆಗೆ ನಡೆದೇ ಬರಬಹುದು. ಅತ್ತೆ ಮಾತ್ರ ಕಾಶಿಯಾತ್ರೆಗೆ ಹೊರಟವಳಂತೆ ಆಟೋದಿಂದ ಇಳಿದಳು: ಒಂದು ಹಾಸಿಗೆ ಸುರುಳಿ, ಸ್ವಂತ ದಿಂಬು, ಸ್ವಂತ ಕಾಫಿ ಫಿಲ್ಟರು.

"ಫಿಲ್ಟರ್ ಯಾಕತ್ತೆ? ನಮ್ಮನೇಲಿ ಇಲ್ವಾ?"

"ನಿಮ್ಮನೆ ಡಿಕಾಕ್ಷನ್ ಕುಡಿದು ನಾನು ಧೈರ್ಯ ಹೇಳೋಕಾಗತ್ತೇನೇ? ನನಗೇ ಯಾರಾದ್ರೂ ಹೇಳ್ಬೇಕಾಗತ್ತೆ."

ಒಳಗೆ ಬಂದವಳೇ ನನ್ನ ಮೊಬೈಲು ಕಿತ್ತುಕೊಂಡಳು. ಆಗ ನಾನು ದಿನವಿಡೀ ಅದರಲ್ಲಿ ಆಪರೇಷನ್ ಬಗ್ಗೆ ಓದುವುದು, ಬೆವರುವುದು, ಮತ್ತೆ ಓದುವುದು ಮಾಡುತ್ತಿದ್ದೆ. ನಿದ್ದೆಯಿಲ್ಲ, ಅನ್ನ ಸೇರುತ್ತಿರಲಿಲ್ಲ. ಅತ್ತೆ ತನ್ನ ಕಾನೂನು ಘೋಷಿಸಿದಳು.

"ನೋಡು, ಟ್ರಂಕ್ ಕಾಲಿಗೆ ಮೂರು ನಿಮಿಷ. ಎಂಥಾ ಸುದ್ದಿ ಇದ್ರೂ ಜನ ಅಷ್ಟ್ರಲ್ಲೇ ಹೇಳಿ ಮುಗಿಸ್ತಿದ್ರು. ನಿನಗೂ ದಿನಕ್ಕೆ ಮೂರು ನಿಮಿಷ. ಬೆಳಿಗ್ಗೆ ಕಾಫಿ ಆದ್ಮೇಲೆ. ಎಷ್ಟ್ ಬೇಕೋ ಅಷ್ಟು ಹೆದರ್ಕೋ, ಅಳು, ಕಿರುಚು. ಆಮೇಲೆ ಲೈನ್ ಕಟ್. ಮಿಕ್ಕಿದ್ ಟೈಮಲ್ಲಿ ಹೆದರ್ಕೊಂಡ್ರೆ ನಾನು ಕನೆಕ್ಷನ್ನೇ ಕೊಡಲ್ಲ."

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮಾರನೆಯ ದಿನ ಕಾಫಿ ಲೋಟ ಕೆಳಗಿಡುವ ಮೊದಲೇ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಕೂತಳು. "ಹ್ಞೂಂ, ಮಾತಾಡಿ!" ನಾನು ಶುರುಮಾಡಿದೆ. ಅರಿವಳಿಕೆ ಕೊಟ್ಟು ಎಚ್ಚರವೇ ಆಗದಿದ್ದರೆ? ಮಧ್ಯದಲ್ಲೇ ಎಚ್ಚರವಾಗಿಬಿಟ್ಟರೆ? ಹೊಟ್ಟೆಯೊಳಗೆ ಹತ್ತಿ ಮರೆತು ಹೊಲಿದುಬಿಟ್ಟರೆ? ಊರಿಗೆಲ್ಲ ಕೇಳುವಂತೆ ಮಾತಾಡುವ ಅತ್ತೆ, ಆ ಮೂರು ನಿಮಿಷ ತುಟಿ ಬಿಚ್ಚಲಿಲ್ಲ. ನಡುವೆ ಬಾಯಿ ಹಾಕಲಿಲ್ಲ, ಹಾಗೇನೂ ಆಗಲ್ಲ ಅನ್ನಲಿಲ್ಲ. ಗಡಿಯಾರ ನೋಡಿ, "ಮೂರು ನಿಮಿಷ ಆಯ್ತು. ನಡಿ, ಹುರುಳಿಕಾಯಿ ನಾರು ತೆಗಿ" ಎಂದಳು. ಸೋಜಿಗವೆಂದರೆ ಆವತ್ತು ಮಧ್ಯಾಹ್ನ ನಾನು ಎರಡು ಸಲ ಹುಳಿ ಹಾಕಿಸಿಕೊಂಡು ಉಂಡೆ.

ದಿನಾ ಹೀಗೇ ನಡೆಯಿತು. ದಿನಾ ಹೊಸ ಹೊಸ ಭಯ ಹುಡುಕಿ ಹೇಳಿದೆ. ಒಳಗೆ ಕೂತಿದ್ದ ಅಸಲು ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ "ಎಕ್ಸ್‌ಟೆನ್ಶನ್ ಬೇಕಾ?" ಎಂದು, ಇನ್ನೊಂದು ಮೂರು ನಿಮಿಷ ಕೊಡಲೇ ಅನ್ನುವ ಎಕ್ಸ್‌ಚೇಂಜಿನ ಧಾಟಿಯಲ್ಲಿ, ಕೇಳುವಳು. ಬೇಡ ಅನ್ನುತ್ತಿದ್ದೆ.

ಆಪರೇಷನ್ನಿಗೆ ಮುಂಚಿನ ತಪಾಸಣೆಗೂ ಅತ್ತೆ ಬಂದಳು. ಡಾಕ್ಟರಮ್ಮ ನನಗಿಂತ ಚಿಕ್ಕವರು, ಸಮಾಧಾನಿ. ಏನಾದರೂ ಕೇಳುವುದಿದೆಯಾ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

"ಡಾಕ್ಟ್ರೇ, ಗುರುವಾರ ಬೆಳಿಗ್ಗೆ ತಿಂಡಿ?"

"ಇವರು ಏನೂ ತಿನ್ನೋ ಹಾಗಿಲ್ಲ ಅಮ್ಮಾ. ನೀರೂ ಕುಡೀಬಾರದು."

"ಅವಳದ್ದಲ್ಲ. ನಿಮ್ದು!"

"ನಂದಾ? ನಾನು... ಓಟ್ಸ್ ತಿಂತೀನಿ."

"ಓಟ್ಸಾ!" ಹೊರಗೆ ಕೂತಿದ್ದ ರೋಗಿಗಳೆಲ್ಲ ಎದ್ದು ನಿಂತಿರಬೇಕು. "ಓಟ್ಸ್ ತಿಂದು ನಮ್ಮುಡುಗಿ ಹೊಟ್ಟೆ ಕುಯ್ತೀರಾ? ಅರ್ಧದಲ್ಲಿ ಹಸಿವಾಗಿ ಕೈ ನಡುಗಿದ್ರೆ? ನಾನು ಇಡ್ಲಿ ತಂದ್ಕೊಡ್ತೀನಿ. ತಿಂದು ಒಳಗ್ಹೋಗಿ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಚಟ್ನಿ ಇರತ್ತಾ ಅಮ್ಮಾ?" ಎಂದರು ಆ ಪುಣ್ಯಾತ್ಗಿತ್ತಿ! ಅವತ್ತಿನಿಂದ ಅತ್ತೆಯ ಲೆಕ್ಕದಲ್ಲಿ ಅವರು ಇಡೀ ಬೆಂಗಳೂರಿನ ಅತಿ ಒಳ್ಳೆಯ ಡಾಕ್ಟರು.

ಆಮೇಲೆ ಗಡ್ಡೆಯ ಅಳತೆಯ ಪ್ರಸಂಗ. ಎಲ್ಲಕ್ಕಿಂತ ದೊಡ್ಡ ಗಡ್ಡೆ ಎಂಟು ಸೆಂಟಿಮೀಟರ್ ಎಂದು ಸ್ಕ್ಯಾನಿಂಗಿನಲ್ಲಿ ಬಂದಿತ್ತು. ಅದು ಎಷ್ಟಿರಬಹುದೆಂದು ಯೋಚಿಸಿ ಯೋಚಿಸಿ ನನಗೆ ಕುಂಬಳಕಾಯಿ ಕಣ್ಣ ಮುಂದೆ ಬರುತ್ತಿತ್ತು. ಅತ್ತೆ ನನ್ನ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದುಕೊಂಡು ಗಾಂಧಿಬಜಾರಿಗೆ ಹೋದವಳು, ಬೀಗುತ್ತ ವಾಪಸು ಬಂದಳು. ಕೈಯಲ್ಲಿ ಒಂದು ಪುಟ್ಟ ನಿಂಬೆಹಣ್ಣು!

"ಇಷ್ಟೇ ಕಣೇ! ಟೇಪ್ ಸುತ್ತಿ ನೋಡಿದೀನಿ, ಸರಿಯಾಗಿ ಎಂಟು. ಇದಕ್ಕೆ ಹೋಗಿ ಇಷ್ಟು ರಂಪಾನಾ?"

ಪೇಪರು ಓದುತ್ತಿದ್ದ ನನ್ನ ಗಂಡ ಕನ್ನಡಕ ಸರಿಮಾಡಿಕೊಂಡರು. "ಅತ್ತೆ, ಡಾಕ್ಟ್ರು ಹೇಳೋದು ಸುತ್ತಳತೆ ಅಲ್ಲ. ಈ ಕಡೆಯಿಂದ ಆ ಕಡೆಗೆ."

ಅತ್ತೆ ನಿಂಬೆಹಣ್ಣನ್ನೂ ನನ್ನ ಗಂಡನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದಳು. "ಅಳಿಯಂದ್ರೇ, ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

ಸಂಜೆ ನನ್ನನ್ನೂ ಎಳೆದುಕೊಂಡು ಮತ್ತೆ ಬಜಾರಿಗೆ ಹೊರಟಳು. ಹಣ್ಣಿನ ಗಾಡಿಯ ಮುಂದೆ ನಿಂತು ಮೂಸಂಬಿಗಳ ಮೇಲೆ ಟೇಪು ಹಿಡಿದಾಗ ಗಾಡಿಯವನು, "ಏನಮ್ಮಾ, ಬ್ಲೌಸ್ ಹೊಲಿಸ್ತೀರಾ ಅದಕ್ಕೆ?" ಎಂದ. ಅತ್ತೆ ಅಷ್ಟೂ ಜನರ ಮುಂದೆ ನನ್ನ ಹೊಟ್ಟೆಯ ಕಥೆ ಹೇಳಿದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಗಾಡಿಯವನು ಮಾತ್ರ ನಗಲಿಲ್ಲ. ಹುಡುಕಿ ಒಂದು ಹಣ್ಣು ತೆಗೆದು ನನ್ನ ಕೈಗೇ ಕೊಟ್ಟು, "ಇದು ತಗೊಳ್ಳಿ ಅಕ್ಕ. ಸಿಪ್ಪೆ ತೆಳು, ಸಲೀಸಾಗಿ ಬರತ್ತೆ" ಎಂದ.

ಬರುವ ದಾರಿಯಲ್ಲಿ ಮಕ್ಕಳ ಬಟ್ಟೆಯ ಅಂಗಡಿಯೊಂದಿದೆ. ನಾನು ಯಾವಾಗಲೂ ಅದರೆದುರು ದಾಪುಗಾಲು ಹಾಕಿ ಹೋಗಿಬಿಡುತ್ತೇನೆ. ಅವತ್ತು ಕಾಲಿಗೆ ಏನಾಯಿತೋ, ನಿಂತುಬಿಟ್ಟೆ. ಬಾಗಿಲಲ್ಲಿ ಕುಲಾವಿಗಳನ್ನು ನೇತುಹಾಕಿದ್ದರು. ಒಂದು ಹಳದಿ ಉಲ್ಲನ್ನಿನದು, ನನ್ನ ಮುಷ್ಟಿಯಷ್ಟೇ ಇತ್ತು. ಅಷ್ಟು ಸಣ್ಣ ತಲೆಯೊಂದು ನನ್ನ ತೋಳಿನ ಮೇಲೆ ಮಲಗಿದ್ದರೆ ಎಷ್ಟು ಭಾರ ಇರುತ್ತಿತ್ತು? ಇದೊಂದು ನನಗೆ ಈ ಜನ್ಮದಲ್ಲಿ ಗೊತ್ತಾಗುವುದಿಲ್ಲವಲ್ಲ ಅನ್ನಿಸಿತು. ಪಕ್ಕದಲ್ಲಿ ಅತ್ತೆ ಏನನ್ನೋ ಹೇಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು. ನನ್ನ ಮೊಣಕೈ ಹಿಡಿದು, "ನಡಿ, ಮೂಸಂಬಿ ಬಾಡಿಹೋಗತ್ತೆ" ಎಂದಳು. ಮೂಸಂಬಿ ಎಲ್ಲಾದರೂ ಅಷ್ಟು ಬೇಗ ಬಾಡುತ್ತದೆಯೇ? ಮನೆಗೆ ಬಂದು ಅದನ್ನು ಹಿಂಡಿ, ಸಕ್ಕರೆ ಹಾಕಿ, ಲೋಟ ನನ್ನ ಕೈಗಿಟ್ಟಳು. ಕುಡಿದೆ. "ನೋಡು, ಮುಗೀತು ಅದರ ಕಥೆ!" ಎಂದಳು.

ಇನ್ನು ಗಣಪ. ಅತ್ತೆ ದೊಡ್ಡ ಗಣಪತಿಯ ಖಾಯಂ ಗಿರಾಕಿ. ನಮ್ಮ ಮನೆಗೆ ಬಂದಾಗಲೆಲ್ಲ ಮೊದಲು ಅಲ್ಲಿಗೆ ಹೋಗಿ ಅವನಿಗೆ ವರದಿ ಒಪ್ಪಿಸಿ ಬರುವವಳು. ಈ ಸಲ ಅತ್ತ ಸುಳಿಯಲಿಲ್ಲ. ಅಷ್ಟೇ ಅಲ್ಲ, ಗುಡಿಯ ಮುಂದೆ ಹಾದು ಹೋಗಬೇಕಾದಾಗಲೆಲ್ಲ ಕೊಡೆ ಬಿಚ್ಚಿ ಅವನ ಕಡೆಗೆ ಅಡ್ಡ ಹಿಡಿದು, ಮುಖ ತಿರುಗಿಸಿಕೊಂಡು ನಡೆಯುತ್ತಿದ್ದಳು! ಮಳೆಯಿಲ್ಲ, ಬಿಸಿಲೂ ಇಲ್ಲ.

"ಏನತ್ತೆ ಇದು?"

"ಮಾತು ಬಿಟ್ಟಿದೀನಿ ಅವನ ಜೊತೆ. ಲೈನ್ ಕಟ್!"

"ಯಾಕೆ?"

"ಯಾಕೇಂತೆ! ನಿನ್ನ ಮದುವೆ ಆದಾಗಿಂದ ಒಂದು ಸಂಕಷ್ಟಿ ಬಿಡದೆ ಉಪವಾಸ ಮಾಡಿದೀನಿ. ಈ ಹುಡುಗೀಗೊಂದು ಮಗು ಕೊಡಪ್ಪಾ ಅಂತ. ಅವನು ಗಡ್ಡೆ ಕೊಟ್ಟಿದಾನೆ! ಮೊರದಗಲ ಕಿವಿ ಇಟ್ಕೊಂಡು ಏನ್ ಬಂತು, ಒಂದು ಮಾತು ನೆಟ್ಟಗೆ ಕೇಳಿಸ್ಕೊಳ್ಳಲ್ಲ ಅಂದ್ಮೇಲೆ?"

ನಾನು ನಕ್ಕೆ. ನಗುತ್ತಲೇ ಗೊತ್ತಾಯಿತು, ಸಂಕಷ್ಟಿಯ ದಿನ ನಾನು ಫೋನ್ ಮಾಡಿದಾಗಲೆಲ್ಲ "ಹೊಟ್ಟೆ ಸರಿ ಇಲ್ಲ ಕಣೇ, ಊಟ ಬಿಟ್ಟಿದೀನಿ" ಅನ್ನುತ್ತಿದ್ದಳಲ್ಲ, ಅದರ ಗುಟ್ಟು ಇದು! ಇಷ್ಟು ವರ್ಷ ನಾನೊಬ್ಬಳೇ ಕಾಯುತ್ತಿದ್ದೇನೆ ಅಂದುಕೊಂಡಿದ್ದೆ.

ಗುರುವಾರ ಬಂದೇಬಿಟ್ಟಿತು. ಬೆಳಕು ಹರಿಯುವ ಮೊದಲೇ ಅಡುಗೆಮನೆಯಲ್ಲಿ ಇಡ್ಲಿಯ ಹಬೆ. ಡಾಕ್ಟರಿಗೆ ಒಂದು ಡಬ್ಬಿ, ಚಟ್ನಿಗೆ ಇನ್ನೊಂದು. ನಾನು ಸ್ನಾನ ಮಾಡಿ ಬಂದರೆ ದೇವರ ಮುಂದೆ ಮಣೆ ಹಾಕಿತ್ತು. "ಕೂತ್ಕೋ" ಎಂದಳು ಅತ್ತೆ. ಅವಳ ಮುಂದೆ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ರವಿಕೆ ಕಣ, ಬೆಲ್ಲದಚ್ಚು, ಹಸಿರು ಬಳೆ. ತವರಿನಿಂದ ಹೊರಡುವ ಮಗಳಿಗೆ ಮಡಿಲು ತುಂಬುವ ಸಾಮಾನೆಲ್ಲ!

ಒಂದು ಮಾತು ಹೇಳಬೇಕು. ಮಡಿಲು ತುಂಬುವುದು ಮುತ್ತೈದೆಯರ ಕೆಲಸ. ನನ್ನ ಮದುವೆಯಲ್ಲಿ ಎಲ್ಲ ಹೆಂಗಸರೂ ಸಾಲಾಗಿ ಬಂದು ನನ್ನ ಮಡಿಲು ತುಂಬಿದಾಗ, ಮದುವೆಯಾಗದ ಅತ್ತೆಯ ಕೈಗೆ ಉಗ್ರಾಣದ ಬೀಗದ ಕೈ ಕೊಟ್ಟು ಅಲ್ಲಿ ಕೂರಿಸಿದ್ದರು. ಅವಳು ತಕರಾರು ಮಾಡಿರಲಿಲ್ಲ.

"ಅತ್ತೆ, ಏನಿದೆಲ್ಲ? ನಾನು ಎಲ್ಲಿಗೆ ಹೋಗ್ತಿದೀನಿ? ಸೋಮವಾರ ವಾಪಸ್ ಬರ್ತೀನಿ."

"ನೀನು ಬರ್ತೀಯ. ಅದು ಬರಲ್ವಲ್ಲ." ಅತ್ತೆಯ ದನಿ ಮೊದಲ ಸಲ ಪಕ್ಕದ ಮನೆಗೆ ಕೇಳಿಸದಷ್ಟು ಸಣ್ಣಗಿತ್ತು. "ಇಷ್ಟು ವರ್ಷ ನಿನ್ನ ಜೊತೆ ಇತ್ತು. ಪಾಪ, ಅದೂ ಕಾದಿತ್ತು. ಬರೀ ಮಡಿಲಲ್ಲಿ ಹೆಂಗೇ ಕಳಿಸೋದು? ಸೆರಗು ಒಡ್ಡು. ನಾನು ಮುತ್ತೈದೆ ಅಲ್ಲ, ಗೊತ್ತು. ಗಣಪ ಏನಾದ್ರೂ ಅಂದ್ಕೊಂಡ್ರೆ ಅಂದ್ಕೊಳ್ಳಿ. ಹೆಂಗಿದ್ರೂ ಮಾತು ಬಿಟ್ಟಾಗಿದೆ."

ಸೆರಗು ಒಡ್ಡಿದೆ. ಅತ್ತೆ ಬೊಗಸೆ ಬೊಗಸೆ ಅಕ್ಕಿ ಸುರಿದಳು. ಮಡಿಲು ಭಾರವಾಗುತ್ತಾ ಬಂತು, ತೊಡೆಗೆ ತಾಗುವಷ್ಟು. ನನಗೆ ತಡೆಯಲಾಗಲಿಲ್ಲ. "ನನಗೊಂದು ಮಗು ಬೇಕಿತ್ತು ಅತ್ತೆ" ಎಂದೆ. ಅಷ್ಟೇ ಅಂದಿದ್ದು. ಆಮೇಲೆ ಹೋ ಎಂದು ಅತ್ತುಬಿಟ್ಟೆ. ಎಷ್ಟು ಹೊತ್ತು ಅಂತ ತಿಳಿಯಲಿಲ್ಲ. ಬಿಕ್ಕುತ್ತಲೇ, "ಮೂರು ನಿಮಿಷ ಆಗಿರ್ಬೇಕಲ್ಲ?" ಎಂದೆ.

"ಎಕ್ಸ್‌ಟೆನ್ಶನ್ ಕೊಟ್ಟಿದೀನಿ, ಮಾತಾಡು" ಎಂದಳು ಅತ್ತೆ. ಕೈಗಡಿಯಾರ ಆವತ್ತು ಅವಳು ಕಟ್ಟಿಯೇ ಇರಲಿಲ್ಲ.

ಹೊರಡುವ ಮಗಳು ಮಡಿಲಿನಿಂದ ಒಂದು ಹಿಡಿ ಅಕ್ಕಿಯನ್ನು ತವರಿಗೇ ಉಳಿಸಿ ಹೋಗಬೇಕು. ನಾನು ಒಂದು ಹಿಡಿ ತೆಗೆದು ಅತ್ತೆಯ ಸೆರಗಿಗೆ ಹಾಕಿದೆ. ಅವಳು ಅದನ್ನು ನೋಡುತ್ತಾ ಕೂತಳು. ಯಾರೂ ಅವಳ ಸೆರಗಿಗೆ ಯಾವತ್ತೂ ಏನನ್ನೂ ಹಾಕಿರಲಿಲ್ಲ. ಆಮೇಲೆ ಎದ್ದು ಮೂಗು ಒರೆಸಿಕೊಂಡು, "ಬೆಲ್ಲ ಬಾಯಿಗೆ ಹಾಕ್ಕೋಬೇಡ, ಡಾಕ್ಟ್ರು ಬೈತಾರೆ! ಅಳಿಯಂದ್ರೇ, ಆಟೋ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಆಟೋ ದೊಡ್ಡ ಗಣಪತಿ ಗುಡಿಯ ಮುಂದೆ ಹೋಯಿತು. ಅತ್ತೆ ಎಂದಿನಂತೆ ಮುಖವನ್ನು ಇನ್ನೊಂದು ಕಡೆ ತಿರುಗಿಸಿಕೊಂಡಳು, ಗಣಪನ ಕಡೆ ನೋಡಲೇ ಇಲ್ಲ. ಆದರೆ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳ ತೊಡೆಯ ಮೇಲೆ ಇಡ್ಲಿ ಡಬ್ಬಿ. ಅದರ ಮೇಲೆ, ಸೆರಗಿನ ಮರೆಯಲ್ಲಿ, ಆ ಒಂದು ಹಿಡಿ ಅಕ್ಕಿಯನ್ನು ಅಂಗೈಗಳ ನಡುವೆ ಇಟ್ಟುಕೊಂಡು ಅತ್ತೆ ಎರಡೂ ಕೈ ಜೋಡಿಸಿದ್ದಳು.